ನಿಂತಲ್ಲೇ ನಡೆಯಲು ನಲವತ್ತು ಸಾವಿರ

"ಡಾಕ್ಟ್ರು ದಿನಾ ಮುಕ್ಕಾಲು ತಾಸು ನಡೀರಿ ಅಂದಾರ. ಎಲ್ಲಿ ನಡೀಬೇಕ್ರಿ?"

ಹೊಸಪೇಟೆ ಸೀಮೆಯಲ್ಲಿ ಐವತ್ತು ದಾಟಿದವರು ನಾಲ್ಕು ಮಂದಿ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬರು ಬೀದಿನಾಯಿಗಳನ್ನು ಬೈಯುತ್ತಾರೆ, ಇನ್ನೊಬ್ಬರು ಲಾರಿ ಧೂಳನ್ನು, ಮತ್ತೊಬ್ಬರು ಏಪ್ರಿಲ್ ಬಿಸಿಲನ್ನು. ಕೊನೆಗೆ ಯಾರಾದರೂ ಮೊಬೈಲ್ ತೆಗೆದು ಟ್ರೆಡ್‌ಮಿಲ್ಲಿನ ಚಿತ್ರ ತೋರಿಸುತ್ತಾರೆ. ಮಡಚಿದರೆ ಮಂಚದ ಕೆಳಗೆ ಹೋಗುತ್ತದಂತೆ, ಕಂತಿನಲ್ಲಿ ಸಿಗುತ್ತದಂತೆ, ಹಬ್ಬಕ್ಕೆ ರಿಯಾಯಿತಿ ಇದೆಯಂತೆ. ಅಲ್ಲಿಂದ ಮುಂದೆ ನಡಿಗೆಯ ಮಾತು ಮರೆತುಹೋಗಿ ಮೋಟರಿನ ಎಚ್‌ಪಿ ಚರ್ಚೆ ಶುರುವಾಗುತ್ತದೆ.

ನನ್ನ ತಕರಾರು ಇಲ್ಲಿದೆ. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ಇಷ್ಟು ದಿನ ನಮ್ಮನ್ನು ನಡೆಯದಂತೆ ತಡೆದದ್ದು ಯಾವುದು ಎಂದು ಕೇಳಿಕೊಳ್ಳಬೇಕು. ತಡೆದದ್ದು ಹೊಸ್ತಿಲಿನಾಚೆ ಇದ್ದರೆ ಯಂತ್ರ ಕೆಲಸಕ್ಕೆ ಬರುತ್ತದೆ. ಹೊಸ್ತಿಲಿನೀಚೆ, ನಮ್ಮೊಳಗೇ ಇದ್ದರೆ, ಒದ್ದೆ ಟವೆಲ್ ಹಾಕಲು ಮನೆಗೊಂದು ದುಬಾರಿ ಕಂಬಿ ಬಂದಂತಾಗುತ್ತದೆ ಅಷ್ಟೆ. ಹಂಪಿ, ಸಂಡೂರು, ಕಂಪ್ಲಿ ಮೂರೂ ಹೊಸಪೇಟೆಯಿಂದ ಒಂದು ಗಂಟೆಯೊಳಗೆ ಸಿಗುವ ಊರುಗಳು. ಆದರೆ ಟ್ರೆಡ್‌ಮಿಲ್ ತರಬೇಕೇ ಎಂಬ ಪ್ರಶ್ನೆಗೆ ಒಂದೊಂದು ಊರಿನ ಉತ್ತರ ಒಂದೊಂದು ಥರ.

ವ್ಯಾಯಾಮದ ವಿಷಯದಲ್ಲಿ ಈ ನೆಲ ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮೊದಲೇ ಎದ್ದು ಮುಕ್ಕಾಲು ಪಿಂಟ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ನಾನೂರು ಮಿಲಿಲೀಟರ್, ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೂ ಅದೇ ಎಣ್ಣೆ ಸವರಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಬಿಗಿದು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಕತ್ತಿವರಸೆ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ. ಅದು ಮುಗಿದ ಮೇಲೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ. ಕೊನೆಗೆ ಕುದುರೆಯೇರಿ ಬೆಳಗಾಗುವವರೆಗೆ ಬಯಲಿನಲ್ಲಿ ಓಟ. ಈಗಿನ ಜಿಮ್ ತರಬೇತುದಾರರು ವಾರಕ್ಕೆ ಹಂಚಿಕೊಡುವುದನ್ನೆಲ್ಲ ರಾಯ ಒಂದೇ ಬೆಳಗಿನಲ್ಲಿ ಮುಗಿಸುತ್ತಿದ್ದ. ಎಣ್ಣೆ ಕುಡಿಯುವುದೊಂದನ್ನು ಮಾತ್ರ ಓದುಗರು ಅನುಕರಿಸುವುದು ಬೇಡ, ಅಷ್ಟು ಎಣ್ಣೆಯಲ್ಲಿ ಮೂರು ಸಾವಿರ ಕ್ಯಾಲೊರಿಗೂ ಹೆಚ್ಚಿದೆ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಆ ಕಾಲದ ಜಟ್ಟಿಗಳು ಇನ್ನೂ ಪಟ್ಟು ಹಿಡಿದೇ ನಿಂತಿದ್ದಾರೆ. ಹಂಪಿ ಉತ್ಸವದಲ್ಲಿ ಕುಸ್ತಿ ಇಂದಿಗೂ ಜನ ಸೇರಿಸುತ್ತದೆ.

ರಾಯನಿಗೆ ಬಯಲಿತ್ತು, ಕುದುರೆಯಿತ್ತು, ಎದುರಿಗೆ ನಿಲ್ಲುವ ಜಟ್ಟಿಯಿದ್ದ. ಮೂರರಲ್ಲಿ ಜಟ್ಟಿಯೇ ಮುಖ್ಯ ಎಂದು ನನ್ನ ಎಣಿಕೆ. ಜೊತೆಗಾರ ಬಂದು ಕಾಯುತ್ತಿದ್ದಾನೆ ಎಂದಾಗ ರಾಜನಿಗೂ ಹಾಸಿಗೆ ಬಿಟ್ಟು ಏಳದೆ ವಿಧಿಯಿಲ್ಲ. ಟ್ರೆಡ್‌ಮಿಲ್ ಹಾಗೆ ಯಾರನ್ನೂ ಕರೆಯುವುದಿಲ್ಲ.

ಟ್ರೆಡ್‌ಮಿಲ್ಲಿನ ವಂಶಾವಳಿಗೆ ಈ ರಾಜಮರ್ಯಾದೆಯಿಲ್ಲ. ಅದು ಹುಟ್ಟಿದ್ದು ಜೈಲಿನಲ್ಲಿ. 1818ರ ಸುಮಾರಿಗೆ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯುಬಿಟ್ ಕೈದಿಗಳಿಗೆಂದು ಒಂದು ದೊಡ್ಡ ಚಕ್ರ ರೂಪಿಸಿದ. ಚಕ್ರದ ಸುತ್ತ ಮೆಟ್ಟಿಲು. ಕೈದಿಗಳು ಸಾಲಾಗಿ ಕಂಬಿ ಹಿಡಿದು ಗಂಟೆಗಟ್ಟಲೆ ತುಳಿಯಬೇಕು. ತುಳಿದ ಮೆಟ್ಟಿಲು ಕೆಳಗೆ ಜಾರಿ ಮುಂದಿನದು ಕಾಲಿಗೆ ಬರುತ್ತದೆ, ಯಾರೂ ಎಲ್ಲಿಗೂ ಏರುವುದಿಲ್ಲ. ಕೆಲವು ಜೈಲುಗಳಲ್ಲಿ ಆ ಚಕ್ರ ಕಾಳು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಕೆಲವು ಕಡೆ ಗಾಳಿಯನ್ನಷ್ಟೇ ಬೀಸುತ್ತಿತ್ತು. ಬರಹಗಾರ ಆಸ್ಕರ್ ವೈಲ್ಡ್ ಕೂಡ ಶಿಕ್ಷೆಯ ಕಾಲದಲ್ಲಿ ಅದನ್ನು ತುಳಿದವನೇ. 1898ರ ಕಾಯ್ದೆ ಬಂದ ಮೇಲೆ ಅಲ್ಲಿನ ಜೈಲುಗಳಿಂದ ಅದು ಮರೆಯಾಯಿತು.

ಮರಳಿ ಬಂದದ್ದು ಆಸ್ಪತ್ರೆಯ ಬಾಗಿಲಿನಿಂದ. 1952ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೃದಯತಜ್ಞ ರಾಬರ್ಟ್ ಬ್ರೂಸ್ ಮತ್ತು ವೇಯ್ನ್ ಕ್ವಿಂಟನ್ ಸೇರಿ ಹೃದಯ ಪರೀಕ್ಷೆಗೆಂದು ಓಡುವ ಪಟ್ಟಿಯ ಯಂತ್ರ ಮಾಡಿದರು. ಮಲಗಿದ ಹೃದಯ ಹೇಳದ್ದನ್ನು ದಣಿದ ಹೃದಯ ಹೇಳುತ್ತದೆ ಎಂಬುದು ಅವರ ತರ್ಕ. ಅದು ಮನೆಯೊಳಗೆ ಬಂದದ್ದು ಕೆನೆತ್ ಕೂಪರ್ 1968ರಲ್ಲಿ ಬರೆದ 'ಏರೋಬಿಕ್ಸ್' ಪುಸ್ತಕದಿಂದ. ಅದನ್ನು ಓದಿದ ಬಿಲ್ ಸ್ಟಾಬ್ ಎಂಬ ಎಂಜಿನಿಯರ್, ಮನೆಯಲ್ಲಿಡಬಹುದಾದ ಅಗ್ಗದ ಟ್ರೆಡ್‌ಮಿಲ್ ತಯಾರಿಸಿ ಮಾರಿದ. ಆತ ತೀರಿಕೊಂಡದ್ದು 2012ರಲ್ಲಿ, 96ನೇ ವಯಸ್ಸಿನಲ್ಲಿ. ತನ್ನ ಸರಕಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಯಾರು ಕೊಟ್ಟಾರು!

ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಮಂದಿ ಟ್ರೆಡ್‌ಮಿಲ್ ಮೊದಲು ಹತ್ತಿದ್ದು ಟಿಎಂಟಿ ಎಂಬ ಹೃದಯ ಪರೀಕ್ಷೆಗಾಗಿ, ಎದೆಗೆ ವೈರು ಅಂಟಿಸಿಕೊಂಡು. ಬ್ರೂಸ್ ಹಾಕಿಕೊಟ್ಟ ಕ್ರಮವೇ ಅಲ್ಲಿ ಇಂದಿಗೂ ನಡೆಯುತ್ತದೆ. ಮೊದಲು ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ 10ರಷ್ಟು ಏರು. ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ಬಹಳ ಮಂದಿ ಸಾಕು ಎನ್ನುತ್ತಾರೆ.

2021ರ ಅಕ್ಟೋಬರ್ 29ರಂದು ನಟ 'ಅಪ್ಪು' ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯ ನಿಂತು ತೀರಿಕೊಂಡಾಗ ಈ ಪರೀಕ್ಷೆಗೆ ರಾಜ್ಯದುದ್ದಕ್ಕೂ ಜನ ಮುಗಿಬಿದ್ದರು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತಿತು. ಹೊಸಪೇಟೆಗಂತೂ ಅಪ್ಪು ಮನೆಮಗನಿದ್ದಂತೆ. ಊರಲ್ಲಿ ಅವರ ಪ್ರತಿಮೆಯಿದೆ, ಜಿಲ್ಲಾ ಕ್ರೀಡಾಂಗಣಕ್ಕೂ ಅವರದೇ ಹೆಸರು. ಆ ಸಾವು ಜನರ ತಲೆಯಲ್ಲಿ ಎರಡು ವಿರುದ್ಧ ಭಯಗಳನ್ನು ಒಟ್ಟಿಗೇ ಕೂರಿಸಿತು. ವ್ಯಾಯಾಮ ಮಾಡದಿದ್ದರೆ ಹೃದಯ ನಿಲ್ಲುತ್ತದೆ ಎಂಬುದೊಂದು, ಅಷ್ಟು ವ್ಯಾಯಾಮ ಮಾಡುವವರಿಗೇ ಹೀಗಾಯಿತಲ್ಲ ಎಂಬುದು ಇನ್ನೊಂದು. ಮೆಲ್ಲಗೆ ಶುರುಮಾಡುವ ನಡಿಗೆಗೆ ಹೆದರುವ ಕಾರಣವಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುವವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಹಳೆಯದಾದವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಮಾತ್ರ ಓಟದ ಬಟನ್ ಒತ್ತುವ ಮೊದಲು ವೈದ್ಯರನ್ನು ಕಾಣಬೇಕು. ಯಂತ್ರ ಮನೆಯಲ್ಲಿದ್ದರೆ ಆ ಬಟನ್ ಒತ್ತುವ ಆಸೆ ಹೆಚ್ಚು ಎನ್ನುವುದೂ ನೆನಪಿರಲಿ.

ಎಷ್ಟು ನಡೆದರೆ ಸಾಕು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ವಾರಕ್ಕೆ 150ರಿಂದ 300 ನಿಮಿಷ. ಉಸಿರು ಸ್ವಲ್ಪ ಏರಬೇಕು, ಮಾತಾಡಲು ಬರಬೇಕು, ಹಾಡಲು ಬರಬಾರದು, ಅಂಥ ನಡಿಗೆ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಬರುವ ಕೆಲಸ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯ ವರದಿ, ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಬೇಕಾದಷ್ಟು ಮೈ ಅಲುಗಿಸುವುದಿಲ್ಲ ಎಂದಿತು. 2000ದಲ್ಲಿ ಈ ಪಾಲು ಶೇ 22ರ ಆಸುಪಾಸಿನಲ್ಲಿತ್ತು.

ಹೊಸಪೇಟೆಯನ್ನೇ ಮೊದಲು ನೋಡೋಣ. ಇಲ್ಲಿ ನಡೆಯಲು ಜಾಗವಿಲ್ಲ ಎನ್ನುವುದು ಅರ್ಧ ಸುಳ್ಳು. ಜೋಳದ ರಾಶಿ ಗುಡ್ಡವಿದೆ, ಜಂಬುನಾಥನ ಗುಡ್ಡವಿದೆ, ಕ್ರೀಡಾಂಗಣವಿದೆ, ಟಿ.ಬಿ. ಡ್ಯಾಮಿನ ಕಡೆಗೆ ಮರಗಳ ನೆರಳಿನ ರಸ್ತೆಗಳಿವೆ. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ ಕಾಲುವೆಗಳು ಊರಿನ ಮೈಯಲ್ಲೇ ಹಾಯುತ್ತವೆ. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೂ, ರಥೋತ್ಸವಕ್ಕೆ ಕೊಟ್ಟೂರಿಗೂ ಬರಿಗಾಲಲ್ಲಿ ಹೋಗಿಬರುವ ಜನ ನಾವು. ರಾತ್ರಿಯಿಡೀ ನಡೆದು ಕೊಟ್ಟೂರೇಶ್ವರನ ತೇರು ಕಂಡು ಬಂದ ಕಾಲು ಮರುದಿನ ಮೂಲೆಯ ಅಂಗಡಿಯಿಂದ ಹಾಲು ತರಲು ಬೈಕು ಕೇಳುತ್ತದೆ. ಇದಕ್ಕೆ ಯಾವ ಯಂತ್ರದಲ್ಲಿ ಮದ್ದಿದೆ?

ಇನ್ನರ್ಧ ಮಾತ್ರ ನಿಜ. ಮಾರ್ಚ್ ಕಳೆದರೆ ಇಲ್ಲಿ ಪಾದರಸ ನಲವತ್ತು ಡಿಗ್ರಿ ಮುಟ್ಟುತ್ತದೆ, ಎಂಟು ಗಂಟೆಗೇ ಡಾಂಬರು ಉಸಿರು ಬಿಡಲು ಶುರುಮಾಡುತ್ತದೆ. ಕತ್ತಲಲ್ಲಿ ಹೊರಟರೆ ನಾಯಿಗಳು. ಕಾಲುವೆ ದಂಡೆಯ ಮೇಲೆ ದೀಪ ಇಲ್ಲದ ಕಡೆ ಕಸ ಇದೆ. ಆದರೂ ನವೆಂಬರಿನಿಂದ ಫೆಬ್ರುವರಿವರೆಗೆ ಹೊಸಪೇಟೆಯ ಬೆಳಗು ಎಷ್ಟು ಹಿತವಾಗಿರುತ್ತದೆಂದರೆ, ಆ ನಾಲ್ಕು ತಿಂಗಳು ಕೋಣೆಯಲ್ಲಿ ಗೋಡೆ ನೋಡುತ್ತ ನಡೆಯುವುದು ನನ್ನ ಮಟ್ಟಿಗೆ ದಂಡ. ಬೇಸಿಗೆಯ ಮೂರು ತಿಂಗಳಿಗಾಗಿ ಮಾತ್ರ ಟ್ರೆಡ್‌ಮಿಲ್ ಬೇಕು ಅನ್ನಿಸುವವರು ಜಿಮ್‌ಗೆ ಮೂರು ತಿಂಗಳ ಶುಲ್ಕ ಕಟ್ಟುವುದು ಅಗ್ಗ.

ನಡಿಗೆ ಮುಗಿಸಿ ಬರುವಾಗ ಒಂದು ಪ್ಲೇಟ್ ವಗ್ಗರಣಿ, ಎರಡು ಮಿರ್ಚಿ ತಿನ್ನುವ ಪದ್ಧತಿಯ ಬಗ್ಗೆಯೂ ಹೇಳಿಬಿಡುತ್ತೇನೆ. 70 ಕಿಲೋ ತೂಕದವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ ಖರ್ಚಾಗುವುದು ಹೆಚ್ಚೆಂದರೆ 120 ಕ್ಯಾಲೊರಿ. ಎರಡು ಮಿರ್ಚಿಯ ಎಣ್ಣೆಯೇ ಅದನ್ನು ತೀರಿಸಿಬಿಡುತ್ತದೆ. ಬರೀ ತೂಕ ಇಳಿಸುವ ಆಸೆಯಿಂದ ಟ್ರೆಡ್‌ಮಿಲ್ ಕೊಳ್ಳುವವರು ಮೊದಲು ತಟ್ಟೆಯನ್ನು ನೋಡಿಕೊಳ್ಳಲಿ. ನಡಿಗೆಯ ಲಾಭ ಬೇರೆ ಕಡೆ ಇದೆ: ರಕ್ತದ ಸಕ್ಕರೆಯಲ್ಲಿ, ಬಿಪಿಯಲ್ಲಿ, ನಿದ್ದೆಯಲ್ಲಿ.

ಹಂಪಿಯ ಸುತ್ತಮುತ್ತ, ಕಮಲಾಪುರ, ಕಡ್ಡಿರಾಂಪುರದಲ್ಲಿ ಮನೆಯಿದ್ದು ಟ್ರೆಡ್‌ಮಿಲ್ ತರುವವರನ್ನು ತಡೆದು ಕಾರಣ ಕೇಳಬೇಕು. ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನಲ್ಲಿ ಎದುರು ಬಸವಣ್ಣನವರೆಗೆ ಹೋಗಿ, ನದಿಯ ದಂಡೆ ಹಿಡಿದು ಕೋದಂಡರಾಮನ ಗುಡಿ ದಾಟಿ, ಪುರಂದರ ಮಂಟಪ, ರಾಜರ ತುಲಾಭಾರ ನೋಡಿಕೊಂಡು ವಿಜಯ ವಿಠ್ಠಲನ ಗುಡಿಗೆ ಹೋಗಿ ಬಂದರೆ ನಾಲ್ಕೈದು ಕಿಲೋಮೀಟರ್ ಆಗುತ್ತದೆ. ಇಷ್ಟು ದೂರ ನಡೆಯಲು ಜನ ಖಂಡ ದಾಟಿ ಬರುತ್ತಾರೆ. ಟ್ರೆಡ್‌ಮಿಲ್ ಅಂಗಡಿಯವರು 'ಇನ್‌ಕ್ಲೈನ್' ಎಂದು ಹೆಚ್ಚು ದುಡ್ಡು ಕೇಳುವುದನ್ನು ಹೇಮಕೂಟ ಬಿಟ್ಟಿ ಕೊಡುತ್ತದೆ. ಅದು ಸಾಲದವರಿಗೆ ಮಾತಂಗ ಬೆಟ್ಟ, ಅದೂ ಸಾಲದವರಿಗೆ ಹೊಳೆಯಾಚೆ ಅಂಜನಾದ್ರಿಯ 575 ಮೆಟ್ಟಿಲು. ಒಂದು ಎಚ್ಚರಿಕೆ ಬೇಕು. ಈ ಬಂಡೆಗಳಲ್ಲಿ ಚಿರತೆ, ಕರಡಿಗಳ ಓಡಾಟವಿದೆ. ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು ಇಲ್ಲಿಂದ ಕೂಗಳತೆಯಲ್ಲೇ. ಸೂರ್ಯ ಮೂಡಿದ ಮೇಲೆ ಹೊರಟು ಮುಳುಗುವ ಮೊದಲು ಮರಳುವುದು ಒಳ್ಳೆಯದು.

ಸಂಡೂರಿಗೆ ಬಂದರೆ ನನ್ನ ವಾದ ತಿರುಗುತ್ತದೆ.

ಗಾಂಧೀಜಿ 1934ರಲ್ಲಿ ಬಂದುಹೋದ ಸಂಡೂರು ಸುತ್ತ ಬೆಟ್ಟ, ನಡುವೆ ಕಣಿವೆಯ ಊರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕೆಂದು ಅವರು ಹೇಳಿದ್ದಾಗಿ ಜನ ಈಗಲೂ ನೆನೆಯುತ್ತಾರೆ. ಸೆಪ್ಟೆಂಬರಿನಲ್ಲಿ ಕುಮಾರಸ್ವಾಮಿ ಬೆಟ್ಟದ ದಾರಿಯೋ ನಾರಿಹಳ್ಳದ ಕಡೆಯ ದಾರಿಯೋ ಹಿಡಿದವನಿಗೆ ಯಾವ ಯಂತ್ರವೂ ಬೇಡ. ಆದರೆ ವರ್ಷದಲ್ಲಿ ಇನ್ನೂ ಹನ್ನೊಂದು ತಿಂಗಳಿವೆ. ಈ ಬೆಟ್ಟಗಳಲ್ಲಿ ಕಬ್ಬಿಣವಿದೆ, ಮ್ಯಾಂಗನೀಸ್ ಇದೆ. ಅದಿರು ಹೊತ್ತ ಲಾರಿಗಳ ದಾರಿಯಲ್ಲಿ ಮನೆಯಿರುವವರಿಗೆ ಒಣಗಾಲದ ಬೆಳಗೆಂದರೆ ಕೆಂಪು ಧೂಳು. ಮರದೆಲೆ ಕೆಂಪು, ಒಗೆದ ಬಟ್ಟೆ ಕೆಂಪು, ಕರವಸ್ತ್ರ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಕಣಿವೆ ಸ್ವಲ್ಪ ಕಾಲ ನಿಟ್ಟುಸಿರು ಬಿಟ್ಟಿತು. ಮಿತಿಗಳೊಂದಿಗೆ ಗಣಿಗಳು ಮತ್ತೆ ತೆರೆದವು, ಲಾರಿಗಳೂ ಮರಳಿದವು. ಸುಮ್ಮನೆ ಕೂತಾಗಿನದಕ್ಕಿಂತ ಬಿರುಸಾಗಿ ನಡೆಯುವಾಗ ಎದೆ ಎಷ್ಟೋ ಪಟ್ಟು ಹೆಚ್ಚು ಗಾಳಿ ಎಳೆಯುತ್ತದೆ, ಅದರ ಜೊತೆ ಧೂಳನ್ನೂ. ಉಬ್ಬಸ ಇರುವವರಿಗೆ, ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಲಾರಿ ರಸ್ತೆಯ ಬದಿ ನಡೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಅಂಥ ಮನೆಯಲ್ಲಿ ಕಿಟಕಿ ಮುಚ್ಚಿದ ಕೋಣೆಯ ಟ್ರೆಡ್‌ಮಿಲ್ ದುಂದುವೆಚ್ಚವಾಗುವುದಿಲ್ಲ.

ಕಂಪ್ಲಿಯ ಕಥೆ ನೀರಿನದು. ತುಂಗಭದ್ರಾ ಜಲಾಶಯದ ಗೇಟು ತೆರೆದು ಹೊಳೆ ಉಕ್ಕಿದರೆ ಗಂಗಾವತಿಗೆ ಹೋಗುವ ಸೇತುವೆ ಮುಳುಗುವುದು ಇಲ್ಲಿ ಹಳೆಯ ಸುದ್ದಿ. ಗಂಡುಗಲಿ ಕುಮಾರರಾಮನ ಹೆಸರು ಹೊತ್ತ ಊರಿನ ಜನಕ್ಕೆ ನಡಿಗೆಯನ್ನು ಕಲಿಸಬೇಕಾಗಿರಲಿಲ್ಲ. ಗದ್ದೆಯ ಬದುವಿನ ಮೇಲೆ ಹೋಗಿ ಬಂದರೇ ದಿನದ ನಡಿಗೆ ಮುಗಿಯುತ್ತಿತ್ತು. ಈಗ ಉಳುವುದು ಟ್ರ್ಯಾಕ್ಟರ್, ಕೊಯ್ಯುವುದು ಯಂತ್ರ, ಬದುವಿನ ತನಕ ಬೈಕು. ಭತ್ತದ ವ್ಯಾಪಾರಿ, ಗೊಬ್ಬರದಂಗಡಿಯವರು, ರೈಸ್ ಮಿಲ್ಲಿನ ಗುಮಾಸ್ತರು ಬೆಳಗಿನಿಂದ ರಾತ್ರಿವರೆಗೆ ಕುರ್ಚಿಯಲ್ಲಿ. ಮೂರು ಹೊತ್ತೂ ಅನ್ನ. ಇವರಿಗೆ ಬೆಳಗಿನ ಮುಕ್ಕಾಲು ತಾಸಿಗಿಂತ ಊಟವಾದ ಮೇಲಿನ ಹತ್ತು ನಿಮಿಷ ಹೆಚ್ಚು ಬೆಲೆಯದ್ದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 41 ಮಂದಿ ಮಧುಮೇಹಿಗಳ ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ದಿನದಲ್ಲಿ ಯಾವಾಗಲೋ ಒಮ್ಮೆ ಅರ್ಧ ಗಂಟೆ ನಡೆದಾಗಿನದಕ್ಕಿಂತ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ಮೇಲಿನ ಸಕ್ಕರೆ ಸರಾಸರಿ ಶೇ 12ರಷ್ಟು ಕಡಿಮೆಯಿತ್ತು, ರಾತ್ರಿಯೂಟದ ನಂತರವಂತೂ ಶೇ 22ರಷ್ಟು. ಇದಕ್ಕೆ ಯಂತ್ರವೇ ಬೇಕೆಂದಿಲ್ಲ, ಅಂಗಳವಿದ್ದರೂ ಸಾಕು. ಆದರೆ ರಾತ್ರಿ ಒಂಬತ್ತೂವರೆಗೆ, ಮಳೆಗಾಲದಲ್ಲಿ, ಹಾವು ಹರಿದಾಡುವ ಗದ್ದೆ ಬದಿಯ ಮನೆಯಲ್ಲಿ ಯಂತ್ರ ಇದ್ದರೆ ನೆಪ ಹೇಳಲು ಬರುವುದಿಲ್ಲ.

ಕಂಪ್ಲಿಯ ಹಳೆಯ ಮಣ್ಣಿನ ಮಾಳಿಗೆ ಮನೆಯವರಿಗೆ ಒಂದು ಕಿವಿಮಾತು. ಮರದ ತೊಲೆಯ ಮೇಲೆ ನಿಂತ ಮಹಡಿಯಲ್ಲಿ ಇದನ್ನು ಇಡಬೇಡಿ. ಯಂತ್ರದ ತೂಕವೇ 50ರಿಂದ 80 ಕಿಲೋ, ಅದರ ಮೇಲೆ ನಿಮ್ಮದು, ಅದರ ಮೇಲೆ ಹೆಜ್ಜೆ ಹೆಜ್ಜೆಗೆ ಬೀಳುವ ಪೆಟ್ಟು. ಕೆಳಗಿನ ಪಡಸಾಲೆಯ ಬಂಡೆ ಹಾಸು ಇದಕ್ಕೆ ಹೇಳಿ ಮಾಡಿಸಿದ ಜಾಗ.

ಇಷ್ಟು ಹೊತ್ತೂ ಗಂಡಸರ ನಡಿಗೆಯ ಮಾತೇ ಆಯಿತು. ಟ್ರೆಡ್‌ಮಿಲ್ಲಿನ ಪರವಾಗಿ ಹೇಳಬಹುದಾದ ಅತಿ ಗಟ್ಟಿ ಮಾತು ಹೆಂಗಸರದ್ದು. ಮೇಲೆ ಹೇಳಿದ ಲ್ಯಾನ್ಸೆಟ್ ವರದಿಯಲ್ಲಿ ಸಾಕಷ್ಟು ಚಟುವಟಿಕೆಯಿಲ್ಲದ ಗಂಡಸರು ಶೇ 42, ಹೆಂಗಸರು ಶೇ 57. ಬೆಳಿಗ್ಗೆ ಐದೂವರೆಗೆ ಕ್ರೀಡಾಂಗಣದಲ್ಲಿ ಸುತ್ತು ಹಾಕುವ ಯಜಮಾನರ ಮನೆಯಲ್ಲಿ ಅದೇ ಹೊತ್ತಿಗೆ ನೀರು ಹಿಡಿಯುವವರು ಯಾರು, ರೊಟ್ಟಿ ಬಡಿಯುವವರು ಯಾರು, ಹಾಸಿಗೆ ಹಿಡಿದ ಅತ್ತೆಯನ್ನು ಎಬ್ಬಿಸಿ ಕೂರಿಸುವವರು ಯಾರು? "ದಿನಾ ಮನಿಗೆಲಸ ಮಾಡ್ತಾಳಲ್ರಿ, ಅಕಿಗೆ ಬ್ಯಾರೆ ವ್ಯಾಯಾಮ ಯಾಕ?" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಒಲೆಯ ಮುಂದೆ ಮೂರು ಗಂಟೆ ನಿಂತರೆ ಸೊಂಟ ನೋಯುತ್ತದೆ, ಹೃದಯ ಮಾತ್ರ ಬಿರುಸಾಗುವುದಿಲ್ಲ. ಪಾಯೆಸ್‌ನ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ, ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ವಿಜಯನಗರದ ಅರಮನೆಯಲ್ಲಿ ಕುಸ್ತಿ ಮಾಡುವ ಹೆಂಗಸರೂ ಇದ್ದರೆಂದು ಬರೆದಿದ್ದಾನೆ. ಅದೇ ಊರಿನ ಹೆಣ್ಣುಮಗಳು ಈಗ ಸಂಜೆ ಒಬ್ಬಳೇ ವಾಕಿಂಗ್ ಹೊರಟರೆ ಯಾಕೆ, ಎಲ್ಲಿಗೆ ಎಂದು ನಾಲ್ಕು ಮನೆಯವರಿಗೆ ಉತ್ತರ ಹೇಳಬೇಕು.

ಹತ್ತು ಹತ್ತು ನಿಮಿಷ ಬಿಡುವು ಮಾಡಿಕೊಂಡು, ಕುಕ್ಕರ್ ಕೂಗುವ ನಡುವೆ, ಮನೆ ಬಿಡದೆ ನಡೆಯಬೇಕಾದವರಿಗೆ ಈ ಯಂತ್ರ ನಿಜವಾದ ಅನುಕೂಲ. ಆದರೆ ಅದನ್ನು ಎಲ್ಲಿಡುತ್ತೀರಿ ಎನ್ನುವುದರಲ್ಲಿ ಎಲ್ಲವೂ ಇದೆ. ಮಾವನವರು ಟಿವಿ ನೋಡುವ, ಬಂದವರು ಕೂರುವ ಹಾಲಿನಲ್ಲಿಟ್ಟರೆ ಆಕೆ ಅದನ್ನು ಹತ್ತುವುದಿಲ್ಲ, ನೆಲ ಒರೆಸುವಾಗ ಅದನ್ನೂ ಒರೆಸುತ್ತಾಳೆ ಅಷ್ಟೆ. ಆಕೆಗಾಗಿ ಎಂದು ತಂದರೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಲ್ಲಿಡಬೇಕು, ಎದುರಿಗೆ ಫ್ಯಾನು ಬೇಕು. ಸೀರೆಯಲ್ಲಿ, ಇಳಿಬಿಟ್ಟ ದುಪಟ್ಟಾದಲ್ಲಿ ಹತ್ತುವುದು ಅಪಾಯ, ಪಟ್ಟಿ ಎಳೆದುಕೊಳ್ಳುತ್ತದೆ. ಚೂಡಿದಾರ, ಕಾಲಿಗೆ ಬೂಟು, ಯಂತ್ರದ ಕೆಂಪು ಸೇಫ್ಟಿ ಕೀಯ ಕ್ಲಿಪ್ಪು ಅಂಗಿಗೆ. ಜಾರಿದರೆ ಕ್ಲಿಪ್ಪು ಕೀಯನ್ನು ಎಳೆದು ಪಟ್ಟಿಯನ್ನು ನಿಲ್ಲಿಸುತ್ತದೆ.

ಕೊಳ್ಳುವುದೇ ಆದರೆ ಏನು ನೋಡಬೇಕು? ಮನೆಗೆ ಸಾಕಾಗುವ ಮೋಟರಿನ ಟ್ರೆಡ್‌ಮಿಲ್ಲಿಗೆ ಹೆಚ್ಚುಕಮ್ಮಿ ಮೂವತ್ತರಿಂದ ಐವತ್ತು ಸಾವಿರ ರೂಪಾಯಿ ತೆಗೆದಿಡಬೇಕು. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಹೇಳುವುದು 'ಪೀಕ್ ಎಚ್‌ಪಿ', ಕ್ಷಣಕಾಲ ಮುಟ್ಟುವ ಶಕ್ತಿ. ನೀವು ಕೇಳಬೇಕಾದದ್ದು 'ಕಂಟಿನ್ಯುಯಸ್ ಎಚ್‌ಪಿ', ಬಿಡದೆ ಓಡುವಾಗಿನ ಶಕ್ತಿ. ನಡಿಗೆಗೆ ಎರಡರ ಆಸುಪಾಸು ಸಾಕು. ಪಟ್ಟಿಯ ಅಗಲ 40 ಸೆಂಟಿಮೀಟರಿಗಿಂತ ಕಮ್ಮಿಯಿದ್ದರೆ ಬೇಡ. ಮನೆಯ ಅತಿ ಭಾರದ ಸದಸ್ಯರ ತೂಕಕ್ಕೆ ಇಪ್ಪತ್ತು ಕಿಲೋ ಸೇರಿಸಿ, ಅಷ್ಟನ್ನು ತಾಳುವಂಥದ್ದನ್ನು ಆರಿಸಿ. ಹಿಡಿಕೆಯಿಲ್ಲದ ತೆಳ್ಳನೆಯ ವಾಕಿಂಗ್ ಪ್ಯಾಡ್‌ಗಳು ಈಗ ಅಗ್ಗಕ್ಕೆ ಸಿಗುತ್ತವೆ, ಆದರೆ ಅರವತ್ತು ದಾಟಿದವರಿಗೆ ಅದು ಸಲ್ಲದು. ಹಿಡಿಕೆ ಇರುವುದು ಬಿದ್ದರೆ ಹಿಡಿಯಲು. ಅದಕ್ಕೇ ಜೋತುಬಿದ್ದು ನಡೆದರೆ ಕಾಲಿನ ಕೆಲಸವನ್ನು ಕೈ ಕದ್ದಂತೆ. ಪಟ್ಟಿಯೇ ಕಾಲನ್ನು ಎಳೆದುಕೊಂಡು ಹೋಗುವುದರಿಂದ ಶ್ರಮವೇ ಇಲ್ಲ ಎನ್ನುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಒಂದೇ ವೇಗದಲ್ಲಿ ನಡೆದರೆ ರಸ್ತೆಗೂ ಯಂತ್ರಕ್ಕೂ ಖರ್ಚಾಗುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ವಿದ್ಯುತ್ತಿನ ಹೆದರಿಕೆ ಅನಗತ್ಯ. ನಡಿಗೆಯಲ್ಲಿ 700 ವಾಟ್ ಎಳೆಯಿತೆಂದುಕೊಂಡರೂ ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ ಹತ್ತು ಯೂನಿಟ್. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಪಡೆಯುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಹಣ, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್. 195ರ ಅಂಚಿನಲ್ಲಿರುವ ಮನೆಗೆ ಈ ಹತ್ತು ಯೂನಿಟ್ ದುಬಾರಿಯಾದೀತು. ಜೆಸ್ಕಾಂ ಕರೆಂಟು ನಡುವೆ ಹೋದರೆ ಪಟ್ಟಿ ನಿಂತುಬಿಡುತ್ತದೆ, ಬಿರುಸಿನಲ್ಲಿದ್ದರೆ ಮುಗ್ಗರಿಸುವ ಸಂಭವವಿದೆ. ಲೈಟು, ಫ್ಯಾನಿಗೆಂದು ಹಾಕಿಸಿದ ಯುಪಿಎಸ್ ಈ ಮೋಟರನ್ನು ಎಳೆಯಲಾರದು. ಸ್ಟೆಬಿಲೈಜರ್ ಬೇಕು, ಸರಿಯಾದ ಅರ್ಥಿಂಗ್ ಬೇಕು.

ಸಂಡೂರಿನವರು ಯಂತ್ರ ಕೊಂಡರೆ ಅದಕ್ಕೂ ಧೂಳಿನ ಕಾಟ ತಪ್ಪಿದ್ದಲ್ಲ. ಅದಿರಿನ ಪುಡಿ ಪಟ್ಟಿಯ ಕೆಳಗೆ ಸೇರಿದರೆ ಹಲಗೆ ಸವೆಯುತ್ತದೆ, ಮೋಟರಿಗೆ ಭಾರ ಹೆಚ್ಚುತ್ತದೆ. ವಾರಕ್ಕೊಮ್ಮೆ ಒರೆಸಿ, ಕೈಪಿಡಿಯಲ್ಲಿ ಹೇಳಿದಷ್ಟು ದಿನಕ್ಕೊಮ್ಮೆ ಸಿಲಿಕೋನ್ ಎಣ್ಣೆ ಹಾಕಬೇಕು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ. ಆನ್‌ಲೈನ್‌ನಲ್ಲಿ ಎರಡು ಸಾವಿರ ಕಮ್ಮಿಗೆ ಸಿಗುತ್ತದೆಂದು ಮರುಳಾಗುವ ಮೊದಲು ಒಂದು ಪ್ರಶ್ನೆ ಕೇಳಿ: ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ? ಬೆಂಗಳೂರಿನಿಂದ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಿ. ವಾರಂಟಿಯಲ್ಲಿ ಮೋಟರಿಗೆ ಎಷ್ಟು ವರ್ಷ, ಬಿಡಿಭಾಗಕ್ಕೆ ಎಷ್ಟು, ಕೆಲಸಗಾರರ ಕೂಲಿ ಯಾರದು ಎಂದು ಬರೆಸಿಕೊಳ್ಳಿ.

ಮೊಮ್ಮಕ್ಕಳಿರುವ ಮನೆಗೆ ಇನ್ನೊಂದು ಮಾತು. ಓಡುವ ಪಟ್ಟಿಯ ಹಿಂಬದಿಯಲ್ಲಿ ಮಗುವಿನ ಕೈ ಸಿಕ್ಕಿದರೆ ಚರ್ಮ ಸುಲಿಯುತ್ತದೆ. ಅಮೆರಿಕದಲ್ಲಿ ಮಗುವೊಂದು ಸತ್ತ ಮೇಲೆ 2021ರ ಮೇನಲ್ಲಿ ಪೆಲೊಟಾನ್ ಕಂಪನಿ ತನ್ನ ಒಂದು ಮಾದರಿಯ ಸುಮಾರು 1.25 ಲಕ್ಷ ಟ್ರೆಡ್‌ಮಿಲ್‌ಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ನಡೆದಾದ ಮೇಲೆ ಪ್ಲಗ್ ಕಿತ್ತು, ಸೇಫ್ಟಿ ಕೀಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಬರಿಗಾಲಲ್ಲಿ ಹತ್ತಲೇಬಾರದು.

ಇಷ್ಟನ್ನೂ ಓದಿ ಇನ್ನೂ ಅನುಮಾನವಿರುವವರು ಒಂದು ತಿಂಗಳು ತಡೆಯಿರಿ. ಯಂತ್ರ ಬಂದರೆ ಯಾವ ಹೊತ್ತಿನಲ್ಲಿ ನಡೆಯುತ್ತಿದ್ದಿರೋ ಅದೇ ಹೊತ್ತಿಗೆ ದಿನಾ ಅರ್ಧ ಗಂಟೆ ಮಾಳಿಗೆಯ ಮೇಲೋ ಪಡಸಾಲೆಯಲ್ಲೋ ಸುತ್ತು ಹಾಕಿ. ತಿಂಗಳು ಪೂರ್ತಿ ಸಾಗಿತೆಂದರೆ ಟ್ರೆಡ್‌ಮಿಲ್ ನಿಮ್ಮ ಮನೆಯಲ್ಲಿ ಬಾಳುತ್ತದೆ. ಎರಡನೇ ವಾರಕ್ಕೇ ನಿಂತರೆ ನಲವತ್ತು ಸಾವಿರ ಉಳಿಯಿತು.

ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ಸ್ನಾಯು, ಮೂಳೆ ಸವೆಯದಂತೆ ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮ ಮಾಡುತ್ತಾರೆ, ಅದರಲ್ಲಿ ಟ್ರೆಡ್‌ಮಿಲ್ಲಿಗೆ ಮೈ ಬಿಗಿದುಕೊಂಡು ಓಡುವುದೂ ಒಂದು. ಅವರಿಗೆ ರಸ್ತೆಯಿಲ್ಲ. ಸಂಡೂರಿನ ಲಾರಿ ದಾರಿಯ ಮನೆಗೂ, ರೋಗಿಯನ್ನು ಬಿಟ್ಟು ಹೊರಡಲಾಗದ ಹೆಂಗಸಿಗೂ ಇರುವ ರಸ್ತೆ ಇಲ್ಲದಂತೆಯೇ. ಅವರು ಧಾರಾಳವಾಗಿ ಕೊಳ್ಳಲಿ. ಕಂಪ್ಲಿಯವರು ಮಳೆಗಾಲ, ರಾತ್ರಿಯೂಟ ನೋಡಿಕೊಂಡು ತೀರ್ಮಾನಿಸಲಿ. ಹೊಸಪೇಟೆ, ಹಂಪಿಯ ಗಂಡಸರಿಗೆ ನನ್ನ ತೀರ್ಪು: ಬೇಡ, ಹೊರಗೆ ಹೋಗಿ.

ಹೆಂಗಸರಿಗೂ ಅದೇ ಮಾತು ಹೇಳುವಂತಾಗಬೇಕಾದರೆ ಊರು ನಡೆಸುವವರು ಮನಸ್ಸು ಮಾಡಬೇಕು. ಹೊಸಪೇಟೆ ನಗರಸಭೆಯವರು ಕಾಲುವೆ ದಂಡೆಯ ಕಸ ತೆಗೆಸಿ ದೀಪ ಹಾಕಿಸಲಿ, ಕ್ರೀಡಾಂಗಣದಲ್ಲಿ ಹೆಂಗಸರಿಗಾಗಿ ಸಂಜೆ ಒಂದು ಗಂಟೆ ಕಾಯ್ದಿರಿಸುವ ಮಾತಾಗಲಿ, ಸಂಡೂರಿನಲ್ಲಿ ಅದಿರು ಲಾರಿಗಳಿಗೆ ಟಾರ್ಪಾಲು ಹೊದಿಸುವುದನ್ನೂ ರಸ್ತೆಗೆ ನೀರು ಹೊಡೆಸುವುದನ್ನೂ ಅಧಿಕಾರಿಗಳು ಬೆಳಗಿನ ಐದು ಗಂಟೆಗೇ ಬಂದು ನೋಡಲಿ.